ದೊಡ್ಡವರಿಗೆ ಕಲಿಸುವುದೂ ಒಂದು ವಿದ್ಯೆ

(ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನ ಪರಿಚಯ ಹೇಳುವಾಗ "ಎಂ.ಟೆಕ್. ಮಾಡಿ ಐಟಿಯಲ್ಲಿದ್ದಾರೆ, ಈಗ ವಯಸ್ಕರ ಶಿಕ್ಷಣದಲ್ಲಿ ಎಂ.ಎ. ಓದುತ್ತಿದ್ದಾರೆ" ಎಂದಾಗ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಅತ್ತೆಯವರೂ ಮೊದಲು ಕೇಳಿದ್ದು, "ಇನ್ನೂ ಎಷ್ಟು ಓದ್ತೀಯಮ್ಮಾ? ಅದೂ ಅಜ್ಜ ಅಜ್ಜಿಯರಿಗೆ ಅಕ್ಷರ ಕಲಿಸೋ ಓದಾ?" ಎಂದೇ. ವಯಸ್ಕರ ಶಿಕ್ಷಣ ಎಂದ ಕೂಡಲೇ ಲಾಂದ್ರದ ಬೆಳಕು, ಸ್ಲೇಟು, ಹೆಬ್ಬೆಟ್ಟಿನ ಬದಲು ಸಹಿ ಹಾಕಲು ಕಲಿಯುತ್ತಿರುವ ಹಿರಿಯರು ಕಣ್ಣಮುಂದೆ ಬರುತ್ತಾರೆ. ಅದು ತಪ್ಪಲ್ಲ, ಆದರೆ ಅಷ್ಟೇ ಅಲ್ಲ. ಹೊಸ ಸಾಫ್ಟ್‌ವೇರ್ ಕಲಿಯುವ ನಲವತ್ತರ ಇಂಜಿನಿಯರ್, ಹೊಸ ಯಂತ್ರ ನಡೆಸಲು ಕಲಿಯುವ ನರ್ಸ್, ಯುಪಿಐ ಕಲಿಯುವ ನಿವೃತ್ತ ಮೇಷ್ಟ್ರು, ಮದುವೆಯಾಗಿ ಬಂದು ಕನ್ನಡ ಕಲಿಯುವ ಮರಾಠಿ ಸೊಸೆ, ಇವರೆಲ್ಲ ವಯಸ್ಕ ಕಲಿಕಾರ್ಥಿಗಳೇ. ಇಷ್ಟು ಜನ ಹೇಗೆ ಕಲಿಯುತ್ತಾರೆ, ಅವರಿಗೆ ಹೇಗೆ ಕಲಿಸಬೇಕು ಎನ್ನುವುದಕ್ಕೆ ಒಂದು ಶಾಸ್ತ್ರವಿದೆ. ಅದನ್ನು ಪದವಿ ಮಟ್ಟದಲ್ಲಿ ಓದಬಹುದು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ನಾವಿರುವ ಪುಣೆಗೂ ಈ ವಿಷಯಕ್ಕೂ ಹಳೆಯ ನಂಟು. 1848ರಲ್ಲಿ ಇಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1855ರಲ್ಲಿ ರೈತರಿಗೆ, ಕೂಲಿ ಮಾಡುವವರಿಗೆ ರಾತ್ರಿ ಶಾಲೆ ನಡೆಸಿದರು. ಹಗಲು ದುಡಿಯುವವರಿಗೆ ಶಾಲೆಯ ಹೊತ್ತೇ ಬೇರೆ ಇರಬೇಕು ಎಂದು ಅವರು ಅಂದೇ ತಿಳಿದಿದ್ದರು. ಸಾವಿತ್ರಿಬಾಯಿಯವರೇ ಮದುವೆಯಾದ ಮೇಲೆ ಅಕ್ಷರ ಕಲಿತವರು. ನಮ್ಮ ಮೈಸೂರಿನ ಕಡೆ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಓದಲು ಕಲಿತವರಿಗಾಗಿಯೇ 'ಬೆಳಕು' ಎಂಬ ವಾರಪತ್ರಿಕೆ ಹೊರಡಿಸುತ್ತಿತ್ತು. ದೊಡ್ಡವರು ಓದಲು ಕಲಿತರೆ ಸಾಲದು, ಓದುವುದಕ್ಕೆ ಅವರ ಬದುಕಿಗೆ ಹತ್ತಿರದ್ದು ಏನಾದರೂ ಸಿಗಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಇನ್ನು ನಾನು ಈ ಓದಿಗೆ ಬಂದದ್ದು ಯಾಕೆ ಎಂದು ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಏಳು ವರ್ಷದ ಬಿಡುವಿನ ನಂತರ ಕೆಲಸಕ್ಕೆ ಮರಳಿದ ಒಬ್ಬರು ನಮ್ಮ ತಂಡಕ್ಕೆ ಬಂದರು. ಎರಡು ಮಕ್ಕಳ ತಾಯಿ. ಮೊದಲು ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಒಳ್ಳೆಯ ಹೆಸರು ಮಾಡಿದ್ದವರು. ಕಾಲೇಜಿನಿಂದ ಆಗಷ್ಟೇ ಬಂದ ಹುಡುಗ ಹುಡುಗಿಯರಿಗೆ ಕೊಡುವ ತರಬೇತಿಯನ್ನೇ ಅವರಿಗೂ ಕೊಟ್ಟರು. ರೆಕಾರ್ಡ್ ಮಾಡಿದ ವಿಡಿಯೊಗಳು, ಪ್ರತಿ ವಿಡಿಯೊ ಮುಗಿದ ಮೇಲೆ ಹತ್ತು ಪ್ರಶ್ನೆ, ಕೊನೆಗೊಂದು ಸರ್ಟಿಫಿಕೇಟ್. ಅವರು ಎಲ್ಲವನ್ನೂ ಮುಗಿಸಿದರು, ಅಂಕವೂ ಚೆನ್ನಾಗಿಯೇ ಬಂತು. ಆದರೆ ನಿಜವಾದ ಕೆಲಸ ಮುಂದೆ ಬಂದಾಗ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೂರುತ್ತಿದ್ದರು. ತನಗಿಂತ ಹದಿನೈದು ವರ್ಷ ಚಿಕ್ಕವರನ್ನು ಕೇಳಲು ಸಂಕೋಚ. "ನನ್ನ ತಲೆಗೆ ತುಕ್ಕು ಹಿಡಿದಿದೆ ಕಣ್ರೀ" ಎನ್ನುತ್ತಿದ್ದರು. ನಾಲ್ಕನೇ ತಿಂಗಳು ಕೆಲಸ ಬಿಟ್ಟರು.

ಅವರ ತಲೆಗೆ ತುಕ್ಕು ಹಿಡಿದಿರಲಿಲ್ಲ. ತಪ್ಪು ಎಲ್ಲೆಲ್ಲಿ ಅಡಗಿರುತ್ತದೆ ಎಂದು ಮೂಸಿ ಹಿಡಿಯುವ ಅವರ ಹಳೆಯ ಅನುಭವ ಹಾಗೇ ಇತ್ತು. ಅದನ್ನು ಯಾರೂ ಕೇಳಲೇ ಇಲ್ಲ. ಆ ತರಬೇತಿ ಅವರಿಗೆ ಏನೂ ಗೊತ್ತಿಲ್ಲ ಎಂದುಕೊಂಡೇ ಶುರುವಾಗಿತ್ತು. ಆ ಕಂಪನಿಗೆ ಒಬ್ಬ ಒಳ್ಳೆಯ ಕೆಲಸಗಾರ್ತಿ ಹೋದರು. ಆದರೆ ಆ ಮನೆಯಲ್ಲಿ "ನಿನ್ನ ಕೈಲಿ ಇನ್ನು ಆಗಲ್ಲ" ಎಂಬ ಮಾತು ಖಾಯಂ ಆಯಿತಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ನನ್ನ ಓದಿನಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಅಮೆರಿಕದ ಮಾಲ್ಕಮ್ ನೋಲ್ಸ್ ಎಂಬವರು ಮಕ್ಕಳ ಕಲಿಕೆಗೂ ದೊಡ್ಡವರ ಕಲಿಕೆಗೂ ಇರುವ ವ್ಯತ್ಯಾಸವನ್ನು ವಿವರಿಸಿ, ದೊಡ್ಡವರ ಕಲಿಕೆಗೆ 'ಆಂಡ್ರಗಾಜಿ' ಎಂಬ ಹೆಸರನ್ನು ಜನಪ್ರಿಯ ಮಾಡಿದರು. 1970ರಲ್ಲಿ ಬಂದ ಅವರ ಪುಸ್ತಕ ಈ ವಿಷಯದಲ್ಲಿ ಮುಖ್ಯವಾದದ್ದು. ಅವರ ಮಾತಿನ ಸಾರ ಇಷ್ಟು: ದೊಡ್ಡವರಿಗೆ ಇದನ್ನು ಯಾಕೆ ಕಲಿಯಬೇಕು ಎಂದು ಮೊದಲು ಗೊತ್ತಾಗಬೇಕು. ತನ್ನ ಕಲಿಕೆಯ ಲಗಾಮು ತನ್ನ ಕೈಯಲ್ಲಿರಬೇಕು ಎಂದು ಅವರು ಬಯಸುತ್ತಾರೆ. ಅವರ ಬಳಿ ಈಗಾಗಲೇ ಅನುಭವದ ಗಂಟು ಇರುತ್ತದೆ, ಅದನ್ನು ಬಿಚ್ಚಲು ಬಿಡಬೇಕು. ಬದುಕಿನಲ್ಲಿ ಅಗತ್ಯ ಬಿದ್ದಾಗ ಅವರು ಕಲಿಯಲು ಸಿದ್ಧರಾಗುತ್ತಾರೆ. ಪಾಠದ ಅಧ್ಯಾಯಕ್ಕಿಂತ ಎದುರಿಗಿರುವ ಸಮಸ್ಯೆ ಅವರಿಗೆ ಮುಖ್ಯ. ಸಂಬಳ, ಬಡ್ತಿಗಿಂತ ಒಳಗಿನ ಆಸೆ, ಗೌರವ ಅವರನ್ನು ಹೆಚ್ಚು ದೂರ ನಡೆಸುತ್ತದೆ. ಇದನ್ನು ಒಪ್ಪದ, ಮಕ್ಕಳಿಗೂ ಇದೇ ಅನ್ವಯಿಸುತ್ತದೆ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಚರ್ಚೆಯನ್ನೂ ನಾವು ಓದುತ್ತೇವೆ.

ಬ್ರೆಜಿಲ್ ದೇಶದ ಪಾವ್ಲೊ ಫ್ರೇರಿ ಇದನ್ನು ಇನ್ನೊಂದು ದಿಕ್ಕಿನಿಂದ ನೋಡಿದರು. 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ದುಡಿಯುವ ಜನರಿಗೆ ಅಕ್ಷರ ಕಲಿಸಿದ ಅವರ ಕೆಲಸ ಪ್ರಸಿದ್ಧವಾದದ್ದು. ಅಕ್ಷರಮಾಲೆಯಿಂದ ಶುರು ಮಾಡದೆ, ಆ ಜನ ದಿನವೂ ಆಡುವ, ಮುಟ್ಟುವ ಪದಗಳಿಂದ ಶುರು ಮಾಡುವುದು ಅವರ ಪದ್ಧತಿ. 'ಇಟ್ಟಿಗೆ' ಎಂಬ ಪದವನ್ನೇ ಹಿಡಿದು ಇಟ್ಟಿಗೆ ಯಾರು ಮಾಡುತ್ತಾರೆ, ಆ ಮನೆಯಲ್ಲಿ ಯಾರಿರುತ್ತಾರೆ ಎಂದು ಮಾತು ಬೆಳೆಸುತ್ತಿದ್ದರು. ಅಕ್ಷರವೂ ಬಂತು, ಯೋಚನೆಯೂ ಬಂತು.

ಕಚೇರಿ ತರಬೇತಿಗೆ ಬಂದರೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಮೆಟ್ಟಿಲುಗಳನ್ನು ಹೇಳಲೇಬೇಕು. 1959ರಿಂದ ಬಳಕೆಯಲ್ಲಿರುವ ಲೆಕ್ಕ ಇದು. ನಮ್ಮ ಸಂಘದಲ್ಲಿ ಹಿರಿಯರಿಗೆ ಯುಪಿಐ ತರಗತಿ ಮಾಡಿದೆವು ಎಂದುಕೊಳ್ಳಿ. ತರಗತಿ ಮುಗಿದಾಗ "ಚೆನ್ನಾಗಿತ್ತಮ್ಮಾ" ಎಂದರೆ ಅದು ಮೊದಲ ಮೆಟ್ಟಿಲು. ಅಲ್ಲೇ ಕೂತು ಹತ್ತು ರೂಪಾಯಿ ಕಳಿಸಿ ತೋರಿಸಿದರೆ ಎರಡನೆಯದು. ಮುಂದಿನ ವಾರ ತರಕಾರಿ ಅಂಗಡಿಯಲ್ಲಿ ಮಗನಿಗೆ ಫೋನ್ ಮಾಡದೆ ತಾವೇ ದುಡ್ಡು ಕೊಟ್ಟರೆ ಮೂರನೆಯದು. ಹಣಕಾಸಿಗೆ ಇನ್ನೊಬ್ಬರ ಮುಂದೆ ಕೈ ಕಟ್ಟಿ ನಿಲ್ಲುವುದು ತಪ್ಪಿದರೆ ನಾಲ್ಕನೆಯದು. ನಾನು ನೋಡಿದ ಹೆಚ್ಚಿನ ಕಚೇರಿ ತರಬೇತಿಗಳಲ್ಲಿ ಅಳೆಯುವುದು ಮೊದಲ ಎರಡನ್ನು ಮಾತ್ರ. ನನ್ನ ಆ ಸಹೋದ್ಯೋಗಿ ಎರಡು ಮೆಟ್ಟಿಲು ಚೆನ್ನಾಗಿಯೇ ಹತ್ತಿದ್ದರು. ಮೂರನೆಯದಕ್ಕೆ ಕೈ ಹಿಡಿಯುವವರು ಇರಲಿಲ್ಲ.

ಈಗ, ಓದಬೇಕೆನ್ನುವವರಿಗೆ ಕೆಲವು ವ್ಯಾವಹಾರಿಕ ವಿಷಯ. ಇಗ್ನೋ ವಿಶ್ವವಿದ್ಯಾಲಯದಲ್ಲಿ ವಯಸ್ಕರ ಶಿಕ್ಷಣದಲ್ಲೇ ಎಂ.ಎ. ಇದೆ. ಯಾವ ವಿಷಯದ ಪದವೀಧರರಾದರೂ ಸೇರಬಹುದು. ಕನಿಷ್ಠ 2 ವರ್ಷ, ಬೇಕಾದರೆ 4 ವರ್ಷದವರೆಗೂ ಮುಗಿಸಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ನಡುವೆ ಬರೆದು ಕೊಡುವ ಅಸೈನ್‌ಮೆಂಟ್‌ಗಳಿರುತ್ತವೆ, ಕೊನೆಯಲ್ಲಿ ಒಂದು ಪ್ರಬಂಧ. ಸಾಕ್ಷರತೆಯ ನೀತಿ, ಯೋಜನೆ, ವಿಸ್ತರಣಾ ಶಿಕ್ಷಣ, ಸಂಶೋಧನಾ ವಿಧಾನ ಇವೆಲ್ಲ ಪಠ್ಯದಲ್ಲಿವೆ. ಮುಂಬಯಿ ವಿಶ್ವವಿದ್ಯಾಲಯ, ಎಸ್‌ಎನ್‌ಡಿಟಿ, ಮದ್ರಾಸ್ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದ ವಿಭಾಗಗಳಿವೆ. ಆಯಾ ವರ್ಷ ಯಾವ ಕೋರ್ಸ್ ನಡೆಯುತ್ತಿದೆ ಎಂದು ಅಲ್ಲೇ ವಿಚಾರಿಸಿ. ಕಚೇರಿ ತರಬೇತಿಯೇ ಬೇಕು ಎನ್ನುವವರಿಗೆ ದೆಹಲಿಯ ಐಎಸ್‌ಟಿಡಿ ಸಂಸ್ಥೆಯ ತರಬೇತಿ ಮತ್ತು ಅಭಿವೃದ್ಧಿ ಡಿಪ್ಲೊಮಾ ಇದೆ. ದೂರಶಿಕ್ಷಣದ ಯಾವ ಪದವಿಗೆ ಸೇರುವುದಾದರೂ ಯುಜಿಸಿ ಮಾನ್ಯತೆ ನೋಡದೆ ಹಣ ಕಟ್ಟಬೇಡಿ.

ಇದು ಎಲ್ಲರಿಗೂ ಸರಿಹೊಂದುವ ಓದು ಎಂದು ನಾನು ಹೇಳುವುದಿಲ್ಲ. ಈ ಪದವಿಯ ಹೆಸರು ನೋಡಿ ಸಂಬಳ ಹೆಚ್ಚಿಸುವ ಕಂಪನಿ ನಾನಂತೂ ಕಂಡಿಲ್ಲ. ಎಚ್‌ಆರ್ ಮ್ಯಾನೇಜರ್ ಆಗಬೇಕು ಎನ್ನುವವರಿಗೆ ಎಂಬಿಎ ಹತ್ತಿರದ ದಾರಿ. ಶಾಲೆಯಲ್ಲಿ ಪಾಠ ಮಾಡಬೇಕೆಂದರೆ ಬಿ.ಎಡ್. ಬೇಕು. ಆದರೆ ಈಗಾಗಲೇ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಐಟಿಯಲ್ಲೋ ಇದ್ದು, ಹೊಸಬರಿಗೆ ಕಲಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತಿದ್ದರೆ, ಅಥವಾ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ಇದು ನಿಮ್ಮ ಓದು. ಬಿಡುವು ತೆಗೆದುಕೊಂಡಿರುವ ಅಕ್ಕಂದಿರಿಗೆ ಇನ್ನೊಂದು ಮಾತು: ಮನೆ ನಡೆಸುತ್ತ, ಮಕ್ಕಳಿಗೆ, ಅತ್ತೆ ಮಾವಂದಿರಿಗೆ ಒಂದೊಂದು ಹೊಸದನ್ನು ಹೇಳಿಕೊಡುತ್ತ ಕಳೆದ ವರ್ಷಗಳು ಈ ವಿಷಯದಲ್ಲಿ ಖಾಲಿ ವರ್ಷಗಳಲ್ಲ.

ಸಮಯ ಹೇಗೆ ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನನಗೆ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದು, ಮತ್ತೆ ಭಾನುವಾರ ಬೆಳಿಗ್ಗೆ. ಆ ಹೊತ್ತಿಗೆ ಮಗಳನ್ನು ಮಲಗಿಸುವುದು ಅವಳ ಅಪ್ಪನ ಕೆಲಸ ಎಂದು ಸೇರುವ ಮೊದಲೇ ಮಾತಾಡಿಕೊಂಡಿದ್ದೆವು. ಶುಲ್ಕ ಕಟ್ಟುವ ಮುನ್ನ ಮನೆಯಲ್ಲಿ ಈ ಮಾತು ಆಗಿಬಿಡಲಿ. ಆಮೇಲೆ ಜಗಳವಾಡುವುದಕ್ಕಿಂತ ಅದು ಸುಲಭ.

ಕೊನೆಯದಾಗಿ ನಮ್ಮ ವೇದಿಕೆಗೆ ಎರಡು ಸಲಹೆ. ಒಂದು, ನಮ್ಮ ಕನ್ನಡ ತರಗತಿಗೆ ಬರುವ ದೊಡ್ಡವರಿಗೆ ಮಕ್ಕಳ ಪುಸ್ತಕ ಕೊಟ್ಟು ಅ, ಆ, ಇ, ಈ ತಿದ್ದಿಸುವುದನ್ನು ಮೊದಲ ತಿಂಗಳು ಬಿಡೋಣ. ಬೇರೆ ಭಾಷೆಯ ಸೊಸೆಗೆ ಮೊದಲು ಬೇಕಾಗಿರುವುದು ಅತ್ತೆಯ ಜೊತೆ ಫೋನಿನಲ್ಲಿ "ಊಟ ಆಯ್ತಾ ಅಮ್ಮಾ?" ಎನ್ನುವುದು. ಅಲ್ಲಿಂದ ಶುರು ಮಾಡೋಣ, ಅಕ್ಷರ ಹಿಂದೆಯೇ ಬರುತ್ತದೆ. ಮರಾಠಿ ಗೊತ್ತಿರುವವರಿಗೆ ಎರಡೂ ಭಾಷೆಗೆ ಸಾಮಾನ್ಯವಾದ ಪದಗಳು ನೂರಾರು ಸಿಗುತ್ತವೆ. ಅದೇ ಅವರು ತರುವ ಅನುಭವದ ಗಂಟು.

ಎರಡು, ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರಲ್ಲಿ ಓದು ಬರದವರು ಇನ್ನೂ ಇದ್ದಾರೆ. ಕೇಂದ್ರದ 'ಉಲ್ಲಾಸ್' ಕಾರ್ಯಕ್ರಮ 2022ರಿಂದ 2027ರವರೆಗಿನದು. 15 ವರ್ಷ ದಾಟಿದವರಿಗೆ ಅಕ್ಷರ, ಲೆಕ್ಕದ ಜೊತೆಗೆ ಹಣಕಾಸು, ಡಿಜಿಟಲ್ ತಿಳಿವಳಿಕೆಯಂಥ ಬದುಕಿನ ಕೌಶಲಗಳನ್ನೂ ಕಲಿಸುವ ಉದ್ದೇಶ ಅದಕ್ಕಿದೆ. ಕಲಿಸುವವರು ಸ್ವಯಂಸೇವಕರು. ನಾವು ಹತ್ತು ಜನ ಸೇರಿದರೆ ವಾರಕ್ಕೆರಡು ಮಧ್ಯಾಹ್ನ ಸಾಕು. ಬರುವವರ ಹೊತ್ತು ನೋಡಿ ತರಗತಿಯ ಹೊತ್ತು ಇಡೋಣ. ಮೊದಲ ಪಾಠ ಏನೆಂದು ಅವರನ್ನೇ ಕೇಳೋಣ. ಸಂಬಳದ ಲೆಕ್ಕ ಬರೆದಿಡುವುದೋ, ಬಸ್ಸಿನ ಬೋರ್ಡು ಓದುವುದೋ, ಮಗಳ ಶಾಲೆಯ ಚೀಟಿ ಓದುವುದೋ, ಅವರಿಗೇ ಗೊತ್ತಿರುತ್ತದೆ.

ಈ ಎರಡಕ್ಕೂ ಪಾಠದ ಯೋಜನೆ ಮಾಡಿಕೊಡುವ ಜವಾಬ್ದಾರಿ ನನ್ನದು. ಸೇರುವವರು ಇವತ್ತು ಚಹಾ ಹೊತ್ತಿಗೆ ಹೆಸರು ಕೊಡಿ, ಆನ್‌ಲೈನಿನಲ್ಲಿರುವವರು ಕಾರ್ಯದರ್ಶಿಯವರಿಗೆ ತಿಳಿಸಿ.