ತಪ್ಪಿಗೆ ಹೆದರದ ಕಲಿಕೆ



ಭಾಷೆ ಕಲಿಸುವ ಮೇಷ್ಟ್ರಿಗೆ ಕಂಪ್ಯೂಟರಿನ ಮಾತೇಕೆ ಎಂದು ನೀವು ಕೇಳಬಹುದು. ನನ್ನ ಬಳಿ ಓದಿ ಎಂಜಿನಿಯರಿಂಗ್ ಸೇರಿದ ಹುಡುಗಿಯೊಬ್ಬಳು ರಜೆಯಲ್ಲಿ ಬಂದಳು. "ಸರ್, ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್ ನನಗೆ ಹತ್ತುವುದಿಲ್ಲ. ಒಂದು ತಪ್ಪಿಗೆ ಪುಟಗಟ್ಟಲೆ ದೋಷ ಬರುತ್ತದೆ. ಕೋರ್ಸೇ ಬಿಡುತ್ತೇನೆ" ಎಂದಳು. ಅವಳೊಂದಿಗೆ ಕುಳಿತು ನಾನೂ ಸ್ವಲ್ಪ ಕಲಿತೆ.

ಟೆಂಪ್ಲೇಟಿನ ಲೆಕ್ಕ ಪ್ರೋಗ್ರಾಂ ಓಡುವಾಗ ನಡೆಯುವುದಲ್ಲ. ಅದಕ್ಕೂ ಮೊದಲೇ, ಕಂಪೈಲರ್ ಓದುವಾಗಲೇ ಮುಗಿಯುತ್ತದೆ. ಆದ್ದರಿಂದ ಸಾಮಾನ್ಯ ಡೀಬಗರ್ ಇಲ್ಲಿ ಉಪಯೋಗಕ್ಕೆ ಬಾರದು. ಅವಳು 5ರ ಫ್ಯಾಕ್ಟೋರಿಯಲ್ ಬರೆದಿದ್ದಳು. 5, 4, 3, 2, 1 ಗುಣಿಸಿದರೆ 120. ಆದರೆ ಸೊನ್ನೆಯಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲ. ಕಂಪೈಲರ್ ಸೊನ್ನೆ ದಾಟಿ ಕೆಳಕ್ಕೆ ಇಳಿಯುತ್ತಲೇ ಹೋಗಿ, ಜಿಸಿಸಿಯ ಮಾಮೂಲು ಮಿತಿಯಾದ 900 ಮಟ್ಟ ಮುಟ್ಟಿ ಕೈಚೆಲ್ಲಿತ್ತು. ಪುಟಗಟ್ಟಲೆ ದೋಷ, ತಪ್ಪು ಮಾತ್ರ ಒಂದೇ!

ಇಂಥ ಕಡೆ ನೆರವಾಗುವ ಸಾಧನಗಳಿವೆ. ಆಬೆಲ್ ಸಿಂಕೊವಿಚ್ ರೂಪಿಸಿದ ಮೆಟಾಶೆಲ್‌ನಲ್ಲಿ ಒಂದು ಸಾಲು ಕೊಟ್ಟರೆ ಯಾವ ಟೈಪ್ ಬಂತೆಂದು ಕೂಡಲೇ ತೋರಿಸುತ್ತದೆ. ಟೆಂಪ್ಲೇಟ್ ಬಿಚ್ಚಿಕೊಳ್ಳುವುದನ್ನು ಹೆಜ್ಜೆಹೆಜ್ಜೆಯಾಗಿ ನೋಡಬಹುದು. 2012ರಲ್ಲಿ ಮ್ಯಾಟ್ ಗಾಡ್‌ಬೋಲ್ಟ್ ಆರಂಭಿಸಿದ ಕಂಪೈಲರ್ ಎಕ್ಸ್‌ಪ್ಲೋರರ್, ಟೆಂಪ್ಲೇಟನ್ನು ಬಿಡಿಸಿ ಬರೆದು ತೋರಿಸುವ ಸಿ ಪ್ಲಸ್ ಪ್ಲಸ್ ಇನ್‌ಸೈಟ್ಸ್ ಇವೆರಡೂ ಬ್ರೌಸರಿನಲ್ಲೇ ಉಚಿತವಾಗಿ ತೆರೆಯುತ್ತವೆ.

ಪರೀಕ್ಷೆಗೆ 2011ರ ಆವೃತ್ತಿಯಿಂದ ಭಾಷೆಯಲ್ಲೇ ಸ್ಟ್ಯಾಟಿಕ್ ಅಸರ್ಟ್ ಇದೆ. "ಸೊನ್ನೆಗೆ ಉತ್ತರ 1, ಐದಕ್ಕೆ 120" ಎಂದು ಬರೆದಿಟ್ಟರೆ, ಉತ್ತರ ಬೇರೆಯಾದ ಕ್ಷಣವೇ ಕಂಪೈಲರ್ ತಡೆಯುತ್ತದೆ. ಅವಳು ಮೊದಲು ಸೊನ್ನೆಯ ಪರೀಕ್ಷೆ ಬರೆದಳು, ನಂತರ ನಿಲ್ಲುವ ಸಾಲು ಸೇರಿಸಿದಳು. ದೋಷಗಳೆಲ್ಲ ಮಾಯವಾದವು.

ಇನ್ನೊಂದು ಮಾತು. 1994ರಲ್ಲಿ ಎರ್ವಿನ್ ಉನ್ರು ತೋರಿಸಿದ ಪ್ರೋಗ್ರಾಂ ಕಂಪೈಲೇ ಆಗಲಿಲ್ಲ. ಆದರೆ ಅದರ ದೋಷಸಂದೇಶಗಳಲ್ಲೇ ಅವಿಭಾಜ್ಯ ಸಂಖ್ಯೆಗಳು ಸಾಲಾಗಿ ಬಂದವು. ಟೆಂಪ್ಲೇಟಿನಿಂದ ಲೆಕ್ಕ ಮಾಡಿಸಬಹುದೆಂದು ಜನ ಕಂಡುಕೊಂಡದ್ದೇ ಹಾಗೆ.

ಮಕ್ಕಳೇ, ಸ್ಲೇಟಿನಲ್ಲಿ ಬರೆದ ಅಕ್ಷರವನ್ನು ಆಗಲೇ ಅಳಿಸಿ ತಿದ್ದುತ್ತಿದ್ದೆವು. ಅದಕ್ಕೇ ಹೆದರಿಕೆ ಇರಲಿಲ್ಲ. ಇಲ್ಲೂ ಒಂದೊಂದೇ ಸಾಲು ಬರೆಯಿರಿ, ಕೂಡಲೇ ಕೇಳಿ ನೋಡಿ, ಆಮೇಲೆ ಮುಂದಿನ ಸಾಲು. ಪೋಷಕರಲ್ಲಿ ನನ್ನ ವಿನಂತಿ: ಮಗು "ನನಗೆ ಬರುವುದಿಲ್ಲ" ಎಂದಾಗ ಕಾಲೇಜು ಬಿಡಿಸುವ ಮೊದಲು, ಎಲ್ಲಿ ತಪ್ಪಿದೆ ಎಂದು ಅದರ ಜೊತೆ ಕುಳಿತು ನೋಡಿ. ಆ ಹುಡುಗಿ ರಜೆ ಮುಗಿಸಿ ಕಾಲೇಜಿಗೆ ಹಿಂತಿರುಗಿದಳು.