ಒಂದು ಕಡ್ಡಿಯಿಂದ ಒಂದು ಅಂಜೂರ
(ತೋಟದ ಕುಟುಂಬಗಳ ಸಂಜೆಯ ಕೂಟದಲ್ಲಿ ಆಡಿದ ಮಾತು)



ದಿನವಿಡೀ ಟೀ ಕಿತ್ತು, ಎಲೆ ತೂಗಿಸಿ, ಮನೆಯ ಒಲೆ ಹಚ್ಚಿ, ಮಕ್ಕಳಿಗೆ ಊಟ ಕೊಟ್ಟು ಇಲ್ಲಿಗೆ ಬಂದು ಕೂತಿದ್ದೀರಿ. ನಿಮ್ಮ ದಣಿವು ನಮಗೆ ಗೊತ್ತು. ನಾವೂ ಅದೇ ಲೈನಿನವರು. ಆದುದರಿಂದ ಉದ್ದದ ಭಾಷಣ ಮಾಡುವುದಿಲ್ಲ. ಕಾಸು ಖರ್ಚಿಲ್ಲದೆ ಮನೆಯಲ್ಲೇ ಅಂಜೂರದ ಕಡ್ಡಿಗೆ ಬೇರು ಬರಿಸುವುದು ಹೇಗೆ ಎಂಬುದನ್ನು ನಮ್ಮ ಕೈಗೆ ಬಂದಷ್ಟು ಹೇಳುತ್ತೇವೆ. ನಾವು ಕೆಡಿಸಿಕೊಂಡದ್ದನ್ನೂ ಹೇಳುತ್ತೇವೆ.

ಮೊದಲು ಒಂದು ಸಂಗತಿ. ನಮ್ಮ ಲೈನಿನ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಮನೆಯ ಹಿಂದೆ ಒಂದು ಅಂಜೂರದ ಮರ. ಲೈನಿನ ಮಕ್ಕಳೆಲ್ಲ ಅದರ ಹಣ್ಣು ತಿಂದೇ ಬೆಳೆದವರು. ಅಜ್ಜಿಯ ಯಜಮಾನರಿಗೆ ನಿವೃತ್ತಿಯಾಯಿತು. ಮನೆ ತೋಟದ್ದು. ಬೀಗದ ಕೈ ಒಪ್ಪಿಸಿ ಮಗಳ ಊರಿಗೆ ಹೋಗಬೇಕಾಯಿತು. ಹೊರಡುವ ಹಿಂದಿನ ದಿನ ಅಜ್ಜಿ ಕತ್ತಿ ಹಿಡಿದು ಮರದ ಕೆಳಗೆ ನಿಂತಿದ್ದರು. “ಮನೆ ಬಿಡು ಅಂದರೆ ಬಿಟ್ಟೇನು. ಮರಾನ ಹೊತ್ಕೊಂಡು ಹೋಗೋಕಾಗಲ್ಲ. ನಾಲ್ಕು ಕಡ್ಡಿ ಆದರೂ ತಗೊಂಡು ಹೋಗ್ತೀನಿ” ಎಂದರು. ಆರು ಕಡ್ಡಿ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟುಕೊಂಡು ಹೋದರು.

ನಾವು ಆಗ ಒಂದು ಕಡ್ಡಿಯನ್ನೂ ತೆಗೆದುಕೊಳ್ಳಲಿಲ್ಲ. ಮರ ಇಲ್ಲೇ ಇದೆಯಲ್ಲ, ಬೇಕಾದಾಗ ತೆಗೆದುಕೊಂಡರಾಯಿತು ಎಂದುಕೊಂಡೆವು. ಮರುವರ್ಷ ಚರಂಡಿಯ ಕೆಲಸಕ್ಕೆ ಬಂದವರು ಆ ಮರವನ್ನು ಬುಡಸಮೇತ ತೆಗೆದುಹಾಕಿದರು. ಅವರ ತಪ್ಪೂ ಅಲ್ಲ. ಬೇರು ಚರಂಡಿಯ ಕಲ್ಲನ್ನೇ ಎಬ್ಬಿಸಿತ್ತು. ಆ ಸಂಜೆ ಮಕ್ಕಳು ಅಲ್ಲಿ ಹೋಗಿ ನಿಂತದ್ದನ್ನು ನೋಡಿ ನಮಗೆ ಬಹಳ ಸಂಕಟವಾಯಿತು. ಮುಂದೇನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇವೆ.

ಅಂಜೂರ ಯಾವುದು, ಅತ್ತಿ ಯಾವುದು?

ಸತ್ಯವೇದದಲ್ಲಿ ಅಂಜೂರದ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ತಮಿಳು ಸಹೋದರರು ಅದನ್ನೇ ಅತ್ತಿ ಎನ್ನುತ್ತಾರೆ. ಇದರಿಂದ ಒಂದು ಗೊಂದಲವಾಗುತ್ತದೆ. ನಮ್ಮ ಹಳ್ಳದ ದಡದಲ್ಲಿ ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಅತ್ತಿಮರ ಬೇರೆ, ಅಂಜೂರ ಬೇರೆ. ಎರಡೂ ಒಂದೇ ಕುಲದವು, ಆದರೆ ಅತ್ತಿಯ ಕಡ್ಡಿ ನೆಟ್ಟರೆ ಅಂಜೂರ ಬರುವುದಿಲ್ಲ. ಅಂಜೂರದ ಎಲೆ ಅಗಲ, ಒರಟು, ಬೆರಳು ಬಿಡಿಸಿದ ಅಂಗೈಯ ಹಾಗೆ ಇರುತ್ತದೆ.

ಅಂಗಡಿಯ ಒಣ ಅಂಜೂರದ ಬೀಜ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬೇಡ. ಬೀಜದ ಗಿಡ ತಾಯಿಯ ಹಾಗೆ ಬರುವುದಿಲ್ಲ. ಅವುಗಳಲ್ಲಿ ಸುಮಾರು ಅರ್ಧ ತಿನ್ನಲು ಬಾರದ ಗಂಡು ಜಾತಿಯವು. ಹೆಣ್ಣು ಗಿಡಗಳಲ್ಲಿಯೂ ಕೆಲವಕ್ಕೆ ಒಂದು ಸಣ್ಣ ಕಣಜ ಒಳಹೊಕ್ಕರೆ ಮಾತ್ರ ಹಣ್ಣಾಗುತ್ತದೆ, ಆ ಕಣಜ ನಮ್ಮಲ್ಲಿಲ್ಲ. ಪುಣೆಯ ಬಳಿ ಪುರಂದರದಲ್ಲಿ, ಬಳ್ಳಾರಿ ಕಡೆಯಲ್ಲಿ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಹೆಸರಾದ ಅಂಜೂರಗಳೆಲ್ಲ ಕಣಜವಿಲ್ಲದೆಯೇ ಹಣ್ಣಾಗುವ ಜಾತಿ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹಣ್ಣು ಬಿಡುವ ಮರದ ಕಡ್ಡಿ ನೆಟ್ಟರೆ ಅದೇ ಹಣ್ಣು ಬರುತ್ತದೆ. ಟೀ ನರ್ಸರಿಯಲ್ಲಿ ಒಳ್ಳೆಯ ಗಿಡದ ಕಡ್ಡಿಯನ್ನೇ ನೆಡಿಸುವುದೂ ಇದೇ ಕಾರಣಕ್ಕೆ.

ಕಡ್ಡಿಯನ್ನು ಆರಿಸುವುದು

ನರ್ಸರಿಯಲ್ಲಿ ಕೆಲಸ ಮಾಡಿದ ಅಕ್ಕಂದಿರೇ, ಈ ಕೆಲಸ ನಿಮ್ಮ ಕೈಗೆ ಆಗಲೇ ಗೊತ್ತಿದೆ. ಆದರೆ ಒಂದು ವ್ಯತ್ಯಾಸ ಉಂಟು. ಟೀಗೆ ಒಂದು ಎಲೆ ಇರುವ ಹಸಿರು ತುಂಡು ಬೇಕು. ಅಂಜೂರಕ್ಕೆ ಎಲೆ ಉದುರಿದ, ಬಲಿತ ಕಡ್ಡಿ ಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮರ ಎಲೆ ಉದುರಿಸಿ ವಿಶ್ರಾಂತಿಯಲ್ಲಿರುವಾಗ ಕತ್ತರಿಸುವುದು ಉತ್ತಮ. ಆಗ ಕಡ್ಡಿಯ ಒಳಗೆ ಆಹಾರ ಕೂಡಿಟ್ಟಿರುತ್ತದೆ. ಬೇರು ಬರುವವರೆಗೆ ಕಡ್ಡಿ ಅದನ್ನೇ ತಿಂದು ಬದುಕಬೇಕು.

ಕಳೆದ ವರ್ಷ ಬೆಳೆದ, ಪೆನ್ಸಿಲಿಗಿಂತ ಸ್ವಲ್ಪ ದಪ್ಪವಾದ ಕಡ್ಡಿ ಸಾಕು. ಉದ್ದ 15ರಿಂದ 20 ಸೆಂಟಿಮೀಟರ್. ಅದರಲ್ಲಿ ಮೂರು ನಾಲ್ಕು ಗೆಣ್ಣು ಇರಬೇಕು. ಕೆಳಗಿನ ತುದಿಯನ್ನು ಗೆಣ್ಣಿನ ಕೆಳಗೆ ನೇರವಾಗಿ ಕತ್ತರಿಸಿ. ಮೇಲಿನ ತುದಿಯನ್ನು ಮೊಗ್ಗಿನ ಮೇಲೆ ಓರೆಯಾಗಿ ಕತ್ತರಿಸಿ. ಯಾವುದು ತಲೆ, ಯಾವುದು ಬುಡ ಎಂಬುದು ಮರೆಯದಿರಲು ಇದು ಗುರುತು. ತಲೆಕೆಳಗಾಗಿ ನೆಟ್ಟ ಕಡ್ಡಿ ಚೆನ್ನಾಗಿ ಬರುವುದಿಲ್ಲ. ಮೇಲಿನ ತುದಿಗೆ ಕರಗಿದ ಮೇಣದಬತ್ತಿಯ ಒಂದು ತೊಟ್ಟು ಹಾಕಿದರೆ ಒಳಗಿನ ತೇವ ಆರುವುದಿಲ್ಲ.

ಕತ್ತರಿಸುವಾಗ ಬರುವ ಬಿಳಿ ಹಾಲಿನ ವಿಷಯದಲ್ಲಿ ಎಚ್ಚರವಿರಲಿ. ಅದು ಮೈಗೆ ತಾಗಿ, ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಕೂಡಲೇ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಇನ್ನೊಂದು ಮಾತು. ಬಂಗಲೆಯ ತೋಟದಲ್ಲಿ ಮರವಿದ್ದರೆ ರಾತ್ರಿ ಹೋಗಿ ಮುರಿಯಬೇಡಿ! ಕಪಾತು ಮಾಡುವ ದಿನ ಕೇಳಿದರೆ ಸಾಕು. ಹೇಗೂ ಎಸೆಯುವ ಕಡ್ಡಿಯೇ ನಮಗೆ ಬೇಕಾದದ್ದು.

ಮೊದಲ ವಿಧಾನ: ಒದ್ದೆ ಪೇಪರು

ಇದು ಅಜ್ಜಿ ಮಾಡಿದ ವಿಧಾನ. ಕಡ್ಡಿಗಳನ್ನು ತೊಳೆದು, ಹಾಲು ನಿಲ್ಲುವವರೆಗೆ ನೆರಳಿನಲ್ಲಿ ಇಡಿ. ಹಳೆಯ ನ್ಯೂಸ್ ಪೇಪರನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ತೇವವಿರಬೇಕು, ತೊಟ್ಟಿಕ್ಕಬಾರದು. ಕಡ್ಡಿಗಳನ್ನು ಸುತ್ತಿ, ಒಂದು ಕವರಿನಲ್ಲಿ ಹಾಕಿ ಬಾಯಿ ಮಡಿಸಿ. 20ರಿಂದ 25 ಡಿಗ್ರಿ ಬೆಚ್ಚಗಿರುವ ಕಡೆ ಬೇರು ಬೇಗ ಬರುತ್ತದೆ. ನಮ್ಮ ಬೆಟ್ಟದ ಚಳಿಯಲ್ಲಿ ಅಷ್ಟು ಬೆಚ್ಚಗಿರುವ ಜಾಗ ಅಡುಗೆಮನೆ ಒಂದೇ. ಒಲೆಯಿಂದ ಸ್ವಲ್ಪ ದೂರದಲ್ಲಿ, ಅಟ್ಟಣಿಗೆಯ ಮೇಲೆ ಇಡಿ. ಒಲೆಯ ಮೇಲೇ ಇಟ್ಟರೆ ಬೆಂದುಹೋಗುತ್ತದೆ.

ವಾರಕ್ಕೊಮ್ಮೆ ಬಿಚ್ಚಿ ನೋಡಿ. ಬೂಷ್ಟು ಕಂಡರೆ ಕಡ್ಡಿ ತೊಳೆದು ಹೊಸ ಪೇಪರು ಸುತ್ತಿ. ಮೆತ್ತಗಾಗಿ ಕಪ್ಪಾದದ್ದನ್ನು ಬಿಸಾಡಿ. ಎರಡು ಮೂರು ವಾರಗಳಲ್ಲಿ ಗೆಣ್ಣಿನ ಸುತ್ತ ಬಿಳಿಯ ಗುಳ್ಳೆಗಳು ಏಳುತ್ತವೆ. ಅವೇ ಬೇರಿನ ಮೊಳಕೆ. ಚಳಿ ಹೆಚ್ಚಿದ್ದರೆ ಇನ್ನೂ ಎರಡು ವಾರ ಹಿಡಿಯಬಹುದು. ಬೇರು ಉದ್ದವಾಗುವ ಮೊದಲೇ ಮಣ್ಣಿಗೆ ಹಾಕಿ. ಉದ್ದ ಬಿಟ್ಟ ಬೇರು ಮುಟ್ಟಿದರೆ ಮುರಿಯುತ್ತದೆ.

ಎರಡನೆಯ ವಿಧಾನ: ಹಾಲಿನ ಕವರು

ತಮಿಳುನಾಡಿನಲ್ಲಿ 2019ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ, ಅದು ಒಳ್ಳೆಯದೇ. ಆದರೂ ಹಾಲಿನ ಕವರು, ಎಣ್ಣೆಯ ಕವರು ಪ್ರತಿ ಮನೆಗೂ ಬರುತ್ತವೆ. ಅವನ್ನು ಸೋಪಿನಿಂದ ತೊಳೆದು, ಕಾಯಿಸಿದ ಮೊಳೆಯಿಂದ ಅಡಿಯಲ್ಲಿ ನಾಲ್ಕೈದು ತೂತು ಮಾಡಿ. ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೆಮ್ಮಣ್ಣು ಬೆರೆಸಿ ತುಂಬಿ. ಮರಳಿಗೆ ಬದಲು ತೊಳೆದ ತೆಂಗಿನ ನಾರಿನ ಪುಡಿಯೂ ಆದೀತು. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ. ಬೇರೇ ಇಲ್ಲದ ಕಡ್ಡಿಗೆ ಗೊಬ್ಬರದಿಂದ ಕೊಳೆ ಮಾತ್ರ ಬರುತ್ತದೆ.

ಕಡ್ಡಿಯ ಮೂರನೆಯ ಎರಡು ಭಾಗ ಒಳಗೆ, ಒಂದು ಮೊಗ್ಗು ಮೇಲೆ ಇರುವಂತೆ ನೆಟ್ಟು, ಸುತ್ತ ಮಣ್ಣು ಒತ್ತಿ. ಒಮ್ಮೆ ನೀರು ಹಾಕಿ ಬಸಿಯಲು ಬಿಡಿ. ಮೇಲೆ ಇನ್ನೊಂದು ತೆಳು ಕವರನ್ನು ಟೋಪಿಯ ಹಾಗೆ ಹಾಕಿ, ಅದಕ್ಕೆ ಎರಡು ಸಣ್ಣ ತೂತು ಇರಲಿ. ನೆರಳಿನಲ್ಲಿ, ಬೆಳಕು ಬರುವ ಕಡೆ ಇಡಿ.

ನೀರು ಎಷ್ಟು ಎಂದು ಕೇಳುವಿರಿ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಅಷ್ಟೇ ಅಳತೆ. ಬೇರು ಬರಿಸುವ ಔಷಧಿ ಪುಡಿ ಕೊಳ್ಳಬೇಕಾಗಿಲ್ಲ, ಅಂಜೂರ ತಾನಾಗಿಯೇ ಬೇರು ಬಿಡುವ ಜಾತಿ.

ನಾವು ಕೆಡಿಸಿದ್ದು

ನಾವು ಮೊದಲ ಸಲ 12 ಕಡ್ಡಿ ನೆಟ್ಟೆವು. ಮೂರು ವಾರದಲ್ಲಿ ಎಲ್ಲದರಲ್ಲೂ ಚಿಗುರು! ಲೈನಿನವರನ್ನೆಲ್ಲ ಕರೆದು ತೋರಿಸಿದೆವು. ಸಂತೋಷದಲ್ಲಿ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹೊಯ್ದೆವು. ಐದನೆಯ ವಾರಕ್ಕೆ ಎಲೆಗಳು ಜೋತುಬಿದ್ದವು. ಬಾಡಿದೆ ಎಂದು ಇನ್ನಷ್ಟು ನೀರು ಹಾಕಿದೆವು. ಕಿತ್ತು ನೋಡಿದರೆ ಬುಡವೆಲ್ಲ ಕಪ್ಪಗೆ ಕೊಳೆತಿತ್ತು. 12ರಲ್ಲಿ ಒಂದೂ ಉಳಿಯಲಿಲ್ಲ.

ಆಮೇಲೆ ತಿಳಿಯಿತು. ಮೊದಲು ಬರುವ ಎಲೆ ಬೇರಿನ ಎಲೆಯಲ್ಲ, ಕಡ್ಡಿಯಲ್ಲಿ ಕೂಡಿಟ್ಟ ಆಹಾರದ ಎಲೆ. ಅದನ್ನು ನೋಡಿ ಮೋಸಹೋಗಬಾರದು. ಕಿತ್ತು ನೋಡಲೂಬಾರದು, ಕೂದಲೆಳೆಯಂಥ ಬೇರು ಅಲ್ಲೇ ಹರಿಯುತ್ತದೆ. ನಾಲ್ಕೈದು ಎಲೆ ಗಟ್ಟಿಯಾಗಿ ನಿಂತು, ತೂತಿನಲ್ಲಿ ಬೇರಿನ ತುದಿ ಇಣುಕುವವರೆಗೆ ಕಾಯಿರಿ. ಆರರಿಂದ ಎಂಟು ವಾರ ಬೇಕಾಗಬಹುದು. ಆಮೇಲೆ ಟೋಪಿಯನ್ನು ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಎಂದು ತೆಗೆಯುತ್ತಾ, ಹತ್ತು ದಿನದಲ್ಲಿ ಪೂರ್ತಿ ತೆಗೆಯಿರಿ. ಎಳೆಯ ಮಗುವನ್ನು ಒಮ್ಮೆಗೇ ಗಾಳಿಗೆ ಒಡ್ಡುವುದಿಲ್ಲವಲ್ಲ, ಹಾಗೆಯೇ.

ಮೂರನೆಯ ವಿಧಾನವೂ ಒಂದಿದೆ. ಹತ್ತಿರದಲ್ಲೇ ಮರವಿದ್ದರೆ ಕೆಳಗಿನ ಕೊಂಬೆಯೊಂದನ್ನು ಬಾಗಿಸಿ, ನಡುಭಾಗವನ್ನು ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲು ಹೇರಿ, ತುದಿಯನ್ನು ಹೊರಗೆ ಬಿಡಿ. ತಾಯಿಯ ಹಾಲು ಕುಡಿಯುತ್ತಲೇ ಅದು ಬೇರು ಬಿಡುತ್ತದೆ. ಬೇರು ಚೆನ್ನಾಗಿ ಹಿಡಿದ ಮೇಲೆ ಕತ್ತರಿಸಿ ತೆಗೆಯಿರಿ. ಕೊಳೆಯುವ ಭಯ ಇದರಲ್ಲಿ ಬಹಳ ಕಡಿಮೆ.

ಬಕೆಟ್ಟಿನಲ್ಲಿ ಬೆಳೆಸುವುದು

ನೆಲ ನಮ್ಮದಲ್ಲ. ಅಂಜೂರದ ಬೇರು ಗೋಡೆ, ಚರಂಡಿಗಳನ್ನು ಹುಡುಕಿಕೊಂಡು ಹೋಗುತ್ತದೆ. ಆದುದರಿಂದ 20 ಲೀಟರಿನ ಹಳೆಯ ಪೇಂಟು ಬಕೆಟ್ಟನ್ನು ಚೆನ್ನಾಗಿ ತೊಳೆದು, ಅಡಿಯಲ್ಲಿ ಆರು ತೂತು ಮಾಡಿ ನೆಡುವುದು ಮೇಲು. ಮನೆ ಬದಲಾದರೆ ಗಿಡವೂ ಜೊತೆಗೆ ಬರುತ್ತದೆ. ಆದರೆ ಒಂದನ್ನು ಕೇಳಿಕೊಳ್ಳುತ್ತೇವೆ: ತೋಟದಲ್ಲಿ ಔಷಧಿ ಹೊಡೆದು ಖಾಲಿಯಾದ ಕ್ಯಾನುಗಳನ್ನು ಇದಕ್ಕೆ ತರಬೇಡಿ. ಎಷ್ಟು ತೊಳೆದರೂ ವಿಷ ಉಳಿದೀತು. ತಿನ್ನುವ ಹಣ್ಣಿನ ಗಿಡಕ್ಕಾಗಲಿ, ನೀರು ತುಂಬಲಿಕ್ಕಾಗಲಿ ಅದು ಬೇಡ. ಕಳೆನಾಶಕ ಹೊಡೆದ ಜಾಗದ ಮಣ್ಣೂ ಬೇಡ.

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಇರಲಿ. ಟೀಗೆ ಹುಳಿ ಮಣ್ಣು ಇಷ್ಟ, ಅಂಜೂರಕ್ಕೆ ಅಷ್ಟು ಹುಳಿ ಆಗದು. ಟೀ ಬುಡದ ಮಣ್ಣೇ ಆದರೆ ಒಂದು ಹಿಡಿ ಸೌದೆಯ ಬೂದಿ ಬೆರೆಸಿ. ಅಂಜೂರ ಒಣ ಸೀಮೆಯ ಗಿಡ. ರಾಯದುರ್ಗ, ಸೊಲ್ಲಾಪುರದ ಕಡೆ ನಿಮ್ಮ ನೆಂಟರಿದ್ದರೆ ಅಲ್ಲಿ ಅದು ನಮ್ಮಲ್ಲಿಗಿಂತ ಚೆನ್ನಾಗಿ ಬಂದೀತು. ಇಲ್ಲಿಯ ಮಳೆಗಾಲದಲ್ಲಿ ಬಕೆಟ್ಟನ್ನು ಸೂರಿನ ಕೆಳಗೆ ಸರಿಸಿ. ಎಲೆಯ ಅಡಿಯಲ್ಲಿ ಹಳದಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಆ ಎಲೆಗಳನ್ನೂ ಉದುರಿದವನ್ನೂ ಆರಿಸಿ ನಾಶಮಾಡಿ, ನೀರನ್ನು ಎಲೆಗೆ ಹಾಕದೆ ಬುಡಕ್ಕೇ ಹಾಕಿ.

ಎರಡನೆಯ ಅಥವಾ ಮೂರನೆಯ ವರ್ಷ ಹಣ್ಣು ಕಾಣುವಿರಿ. ಕಾಯಿಯನ್ನು ಕಿತ್ತು ಹಣ್ಣು ಮಾಡಲಾಗದು. ಕತ್ತು ಬಾಗಿ, ಮುಟ್ಟಿದರೆ ಮೆತ್ತಗಾದಾಗ ಕೀಳಿ. ಹಕ್ಕಿಗೆ ಸಿಗದಂತೆ ಹಳೆಯ ಬಟ್ಟೆಯ ಚೀಲ ಕಟ್ಟಿ. ನಾರೂ ಸುಣ್ಣದ ಅಂಶವೂ ಇರುವ ಒಳ್ಳೆಯ ಹಣ್ಣು. ಆದರೆ ಅಂಜೂರ ತಿಂದೆವೆಂದು ರಕ್ತಹೀನತೆಗೆ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಯಾರೂ ಬಿಡಬಾರದು.

ಕೊನೆಯ ಮಾತು

ಆ ಮರ ಹೋದ ಮೇಲೆ ನಾವು ಅಜ್ಜಿಯ ಮಗಳ ಮನೆಗೆ ಫೋನು ಮಾಡಿದೆವು. ಆರು ಕಡ್ಡಿಗಳಲ್ಲಿ ಎರಡು ಅಲ್ಲಿ ಹಿಡಿದಿದ್ದವು. ಅವು ಬೆಳೆಯುವವರೆಗೆ ಕಾದೆವು. ಅಲ್ಲಿಂದ ತರಿಸಿದ ಮೊದಲ 12 ಕಡ್ಡಿಗಳನ್ನೇ ನಾವು ನೀರು ಹೊಯ್ದು ಕೊಂದದ್ದು. ಅದನ್ನು ಅಜ್ಜಿಗೆ ಹೇಳಲು ನಾಚಿಕೆಯಾಯಿತು. ಅವರು ಬೈಯಲಿಲ್ಲ. “ನೀರು ಕಡಿಮೆ ಹಾಕಿ” ಎಂದಷ್ಟೇ ಹೇಳಿ, ಮರುವರ್ಷ ಇನ್ನೂ 12 ಕಡ್ಡಿ ಕಳಿಸಿದರು. ಅವುಗಳಲ್ಲಿ ಒಂಬತ್ತು ಹಿಡಿದವು. ಈಗ ನಮ್ಮ ಲೈನಿನ ಏಳು ಮನೆಗಳ ಮುಂದೆ ಬಕೆಟ್ಟುಗಳಲ್ಲಿ ಅದೇ ಮರದ ಮಕ್ಕಳಿವೆ. ಉಳಿದೆರಡು ಬೇರೆ ತೋಟಗಳಿಗೆ ಹೋದವು.

ಅಜ್ಜಿ ಆ ದಿನ ಕಡ್ಡಿ ಒಯ್ಯದೆ ಹೋಗಿದ್ದರೆ ಆ ಮರ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬರ ಹತ್ತಿರ ಮಾತ್ರ ಇರುವ ಗಿಡ ಒಂದು ದಿನ ಕಳೆದುಹೋಗುತ್ತದೆ. ನಾಲ್ಕು ಮನೆಗೆ ಕೊಟ್ಟರೆ ಒಂದು ಮನೆಯಲ್ಲಾದರೂ ಉಳಿದು ನಮಗೇ ಹಿಂದಿರುಗುತ್ತದೆ. ಆದುದರಿಂದ ಕಡ್ಡಿ ಹಿಡಿದವರು ಬರುವ ಜನವರಿಯಲ್ಲಿ ಇಬ್ಬರಿಗಾದರೂ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಈ ವರ್ಷ ನಿವೃತ್ತಿಯಾಗುವ ಮನೆಗಳಿಗೆ ಮೊದಲು ಕೊಡೋಣ.

ನಾವು ತಂದ ಕಡ್ಡಿಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ ಒದ್ದೆ ಪೇಪರಿನಲ್ಲಿವೆ. ಮನೆಗೆ ಎರಡರಂತೆ ತೆಗೆದುಕೊಂಡು ಹೋಗಿ. ನೀರು ಮಾತ್ರ ಕಡಿಮೆ ಹಾಕಿ.