ಬೆಳಕಿನಲ್ಲಿ ಆವೇಶವನ್ನು ಅಳೆಯುವುದು



ಬೆಲ್‌ರೋಸ್ ಕ್ವೀನ್ಸ್‌ನ ಪೂರ್ವದಂಚಾದರೆ ಅಸ್ಟೋರಿಯಾ ಅದರ ವಾಯವ್ಯದ ತುದಿ. ಅಲ್ಲಿನ ಬಾಡಿಗೆ ಕೋಣೆಯೊಂದರಲ್ಲಿ 1938ರ ಅಕ್ಟೋಬರ್ 22ರಂದು ಚೆಸ್ಟರ್ ಕಾರ್ಲ್‌ಸನ್ ಮತ್ತು ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಓಟ್ಟೊ ಕೊರ್ನೈ ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ತಿಕ್ಕಿದರು. ತಗಡಿನ ಮೈಗೆ ವಿದ್ಯುದಾವೇಶ ಬಂತು. ದಿನಾಂಕವನ್ನೂ ಊರಿನ ಹೆಸರನ್ನೂ ಬರೆದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ದೀಪ ಹಿಡಿದರು. ಬೆಳಕು ಬಿದ್ದಲ್ಲಿ ಆವೇಶ ಇಳಿಯಿತು. ಅಕ್ಷರಗಳ ನೆರಳಿನಲ್ಲಿ ಉಳಿಯಿತು. ಉದುರಿಸಿದ ಲೈಕೋಪೋಡಿಯಂ ಪುಡಿ ಉಳಿದ ಆವೇಶಕ್ಕೆ ಅಂಟಿ ಬರಹವಾಯಿತು. ಕರ್ನಾಟಕದ ಪ್ರತಿ ತಾಲ್ಲೂಕು ಕಚೇರಿಯ ಎದುರಿರುವ ಜೆರಾಕ್ಸ್ ಅಂಗಡಿಯ ಮೂಲ ಅದು. ಕೊರ್ನೈ ಭರವಸೆ ಕಳೆದುಕೊಂಡು ಬೇರೆ ನೌಕರಿಗೆ ಹೋದರು. ಬಹುಕಾಲದ ಮೇಲೆ ಕಾರ್ಲ್‌ಸನ್ ಅವರಿಗೆ ಕಂಪೆನಿಯ ನೂರು ಷೇರು ಕೊಟ್ಟರು.

ಕನ್ನಡದಲ್ಲಿ ಆವೇಶವೆಂದರೆ ಮೈಮೇಲೆ ಬರುವುದೂ ಹೌದು. ದೈವವನ್ನು ಯಾರೂ ಕಾಣರು. ಪಾತ್ರಿಯ ನಡುಕವನ್ನು ಕಾಣುತ್ತಾರೆ. ವಿದ್ಯುದಾವೇಶಕ್ಕೂ ಅದನ್ನು ಹೊತ್ತ ಕಣದ ಚಲನೆಯೇ ಸಾಕ್ಷಿ, ಆ ಚಲನೆಯನ್ನು ಕಾಣಿಸುವುದು ಬೆಳಕು. ಶಿಕಾಗೊದ ರಾಬರ್ಟ್ ಮಿಲಿಕನ್ ಮತ್ತು ಅವರ ವಿದ್ಯಾರ್ಥಿ ಹಾರ್ವೆ ಫ್ಲೆಚರ್ ಮಾಡಿದ್ದು ಇದನ್ನೇ. ಅತ್ತರು ಸಿಂಪಡಿಸುವ ಬುರುಡೆಯಿಂದ ಹೊರಟ ಎಣ್ಣೆಹನಿ ಪಕ್ಕದ ದೀಪದ ಬೆಳಕಿನಲ್ಲಿ ನಕ್ಷತ್ರದಂತೆ ಹೊಳೆಯುತ್ತಿತ್ತು. ಅದು ಬೀಳುವ ವೇಗದಿಂದ ಗಾತ್ರ ತಿಳಿಯಿತು, ವಿದ್ಯುತ್ ಕ್ಷೇತ್ರದಲ್ಲಿ ಏರುವ ವೇಗದಿಂದ ಆವೇಶ ತಿಳಿಯಿತು. 1913ರಲ್ಲಿ ಮಿಲಿಕನ್ ಪ್ರಕಟಿಸಿದ ಮೌಲ್ಯ ಇಂದಿನದಕ್ಕಿಂತ ಶೇಕಡ ಒಂದಕ್ಕೂ ಕಡಿಮೆ ವ್ಯತ್ಯಾಸದ್ದು. ಪ್ರಬಂಧದಲ್ಲಿ ಮಾತ್ರ ಗುರುವಿನ ಹೆಸರಷ್ಟೇ ಇತ್ತು. 1923ರ ನೊಬೆಲ್ ಕೂಡ ಅವರೊಬ್ಬರಿಗೇ. ಫ್ಲೆಚರ್ ಬರೆದಿಟ್ಟ ನೆನಪುಗಳು ಅವರು ತೀರಿಕೊಂಡ ಮೇಲೆ, 1982ರಲ್ಲಿ, ಅಚ್ಚಾದವು.

ಲೋಹದ ಪಾತ್ರೆಗೆ ಪುಡಿ ಸುರಿದು ಒಟ್ಟು ಆವೇಶ ಅಳೆದು ತೂಕದಿಂದ ಭಾಗಿಸುವುದು ಹಳೆಯ ಸುಲಭ ವಿಧಾನ. ಸಿಗುವುದು ಸರಾಸರಿ. ಧನ ಮತ್ತು ಋಣ ಆವೇಶದ ಕಣಗಳು ಬೆರೆತಿದ್ದರೆ ಅದು ಸೊನ್ನೆಯೂ ಆದೀತು! ಅಮೆರಿಕದ ಭಾರತೀಯರ ಸರಾಸರಿ ಆದಾಯ ಕೇಳಿ ಹಿಗ್ಗುವವರು ಇದನ್ನು ನೆನೆಯಬಹುದು. ಟ್ಯಾಕ್ಸಿ ಓಡಿಸುವವರೂ ಆ ಲೆಕ್ಕದೊಳಗೇ ಇದ್ದಾರೆ. ಅರ್ಕನ್ಸಾದಲ್ಲಿ ಮಲಯ ಮಜುಂದಾರ್ ಮತ್ತು ಸಂಗಡಿಗರು ರೂಪಿಸಿದ ಉಪಕರಣ ಒಂದೊಂದೇ ಕಣವನ್ನು ವಿಚಾರಿಸುತ್ತದೆ. ಧ್ವನಿತರಂಗ ಕಣವನ್ನು ಅಲ್ಲಾಡಿಸುತ್ತದೆ. ದಪ್ಪ ಕಣ ಗಾಳಿಯ ಅಲುಗಾಟಕ್ಕಿಂತ ಹಿಂದೆ ಬೀಳುತ್ತದೆ, ಆ ವಿಳಂಬವೇ ಗಾತ್ರದ ಗುರುತು. ವಿದ್ಯುತ್ ಕ್ಷೇತ್ರ ಅದನ್ನು ಯಾವ ಕಡೆಗೆ, ಎಷ್ಟು ಎಳೆಯಿತೆಂಬುದರಿಂದ ಆವೇಶ ಗೊತ್ತಾಗುತ್ತದೆ. ಕಣದಿಂದ ಚದುರಿದ ಲೇಸರ್ ಬೆಳಕಿನ ಡಾಪ್ಲರ್ ಪಲ್ಲಟ ಎರಡನ್ನೂ ಓದುತ್ತದೆ.

ಮೇಲ್ಮೈಯ ಆವೇಶಕ್ಕೆ ಬೇರೆ ದಾರಿ. ಮುಟ್ಟಿದರೆ ಅದು ಹರಿದುಹೋಗುತ್ತದೆ. ಆದ್ದರಿಂದ ವಿದ್ಯುತ್ ಕ್ಷೇತ್ರಕ್ಕೆ ತನ್ನ ವಕ್ರೀಭವನ ಸೂಚ್ಯಂಕವನ್ನೇ ಬದಲಿಸಿಕೊಳ್ಳುವ ಹರಳಿನ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿ, ಬೆಳಕಿನಲ್ಲಾದ ಬದಲಾವಣೆಯನ್ನು ಕ್ಯಾಮೆರಾದಿಂದ ನೋಡುತ್ತಾರೆ.

ಮಜುಂದಾರ್ ಮುಂದೆ ಬಾಸ್ಟನ್ನಿನಲ್ಲಿ ಸೌರಫಲಕದ ಧೂಳನ್ನು ನೀರಿಲ್ಲದೆ, ವಿದ್ಯುತ್ ಕ್ಷೇತ್ರದಿಂದಲೇ ಕೊಡವುವ ಪರದೆಗಳ ಮೇಲೆ ಕೆಲಸ ಮಾಡಿದರು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಹರಡಿರುವುದು ರೈತರು ಗುತ್ತಿಗೆಗೆ ಕೊಟ್ಟ ನೆಲದ ಮೇಲೆ. ಅದು ಬರದ ತಾಲ್ಲೂಕು. ಅಲ್ಲಿ ಗಾಜು ತೊಳೆಯುವ ಪ್ರತಿ ಕೊಡ ನೀರಿಗೂ ಬೇರೆ ಹಕ್ಕುದಾರರಿದ್ದಾರೆ. ಧೂಳು ಎಷ್ಟು ಸುಲಭವಾಗಿ ಕದಲುತ್ತದೆಂಬುದಕ್ಕೂ ಅದು ಹೊತ್ತ ಆವೇಶಕ್ಕೂ ನಂಟಿದೆ. ಗಾಳಿಯ ತೇವ ಹೆಚ್ಚಿದರೆ ಆವೇಶ ಸೋರುತ್ತದೆ. ಬಾಸ್ಟನ್ನಿನಲ್ಲಿ ಅಳೆದ ಸಂಖ್ಯೆಯನ್ನು ಪಾವಗಡದ ಮಾರ್ಚ್ ತಿಂಗಳಿಗೆ ಒಪ್ಪಿಸಲಾಗದು. ಅಲ್ಲಿಯ ಧೂಳನ್ನು ಅಲ್ಲಿಯೇ, ಅಲ್ಲಿಯವರೇ ಅಳೆಯಬೇಕಾಗುತ್ತದೆ.